ಪಾರ್ಸೆಲ್ ಹೋದ ಮಾತುಗಳು

ಚೆನ್ನೈ ಮೈಲಾಪೂರಿನ ಅನಂತ ವಿಲಾಸ ಹೋಟೆಲಿನಲ್ಲಿ ಕಿಟ್ಟಣ್ಣ ಕಟ್ಟಿದ ಪಾರ್ಸೆಲ್ ಇದುವರೆಗೆ ದಾರಿಯಲ್ಲಿ ಬಿಚ್ಚಿಕೊಂಡದ್ದಿಲ್ಲ. ಬಿಚ್ಚಿಕೊಂಡಿದೆ ಎಂದು ಯಾರಾದರೂ ಹೇಳಿದರೆ ಅವರು ಪಕ್ಕದ ಬೀದಿಯ ಹೋಟೆಲಿನವರ ನೆಂಟರು ಎಂದು ತಿಳಿಯಿರಿ. ಮೂವತ್ತೊಂದು ವರ್ಷದಿಂದ ಅವನ ಜಾಗ ಒಂದೇ: ಗಲ್ಲಾಪೆಟ್ಟಿಗೆಯ ಎಡಕ್ಕೆ, ಸಾಂಬಾರಿನ ಹಂಡೆಯ ಬಲಕ್ಕೆ, ಒಂದು ಹಲಗೆ. ತಲೆಯ ಮೇಲಿನ ಕಪಾಟಿನಲ್ಲಿ ತಗಡಿನ ಡಬ್ಬಿ, ಡಬ್ಬಿಯಲ್ಲಿ ನೂಲುಂಡೆ, ಸೂರಿಗೆ ಹೊಡೆದ ಬಳೆಯೊಂದರಿಂದ ಕೆಳಗೆ ಇಳಿದ ನೂಲು. ಪೇಪರ್ ಹಾಸು, ಅದರ ಮೇಲೆ ಬಾಳೆಲೆ, ಎಲೆಯ ಮೇಲೆ ನಾಲ್ಕು ಇಡ್ಲಿ, ಮಡಚು. ಕೈ ಮೇಲೆ ಹೋಗುತ್ತದೆ, ನೂಲು ಕೆಳಗೆ ಬರುತ್ತದೆ. ಎರಡು ಸುತ್ತು, ಬಿಲ್ಲಿನ ಚೀಟಿ ನೂಲಿನಡಿಗೆ, ಗಂಟು, ಟಪ್ ಎಂದು ಒಂದೆಳೆತಕ್ಕೆ ನೂಲು ತುಂಡು. ಇಷ್ಟಕ್ಕೆ ಕಣ್ಣು ಬೇಕಾಗಿಯೇ ಇಲ್ಲ. ಕಣ್ಣು ಗಿರಾಕಿಯ ಮುಖದ ಮೇಲೆ, ಬಾಯಿ ಗಿರಾಕಿಯ ಮಗಳ ಮದುವೆಯ ಸುದ್ದಿಯ ಮೇಲೆ, ಕೈ ಮಾತ್ರ ಕೆಲಸದ ಮೇಲೆ.

ಇಂಥವನ ಕೈಯಿಂದ ನೂಲು ಕಸಿಯಬೇಕೆಂದು ರೂಪೇಶನಿಗೆ ಅದ್ಯಾವ ಗಳಿಗೆಯಲ್ಲಿ ಹೊಳೆಯಿತೋ!

ರೂಪೇಶ ತೀರಿಹೋದ ದೊಡ್ಡ ಧಣಿಗಳ ಮಗ. ಎರಡು ವರ್ಷದ ಹಿಂದೆ ಶೋಳಿಂಗನಲ್ಲೂರಿನಲ್ಲಿ, ಐಟಿಯವರ ಕಟ್ಟಡಗಳ ನಡುವೆ, ಇನ್ನೊಂದು ಶಾಖೆ ತೆರೆದಿದ್ದ. ಅಲ್ಲಿ ಎಲೆಯಿಲ್ಲ, ಪೇಪರಿಲ್ಲ. ಇಡ್ಲಿಗೊಂದು ಡಬ್ಬಿ, ಚಟ್ನಿಗೊಂದು ಡಬ್ಬಿ, ಎರಡು ಡಬ್ಬಿಗೂ ಸೇರಿ ಮತ್ತೊಂದು ದೊಡ್ಡ ಡಬ್ಬಿ. ಬರುವ ಒಂದನೇ ತಾರೀಖಿನಿಂದ ಮೈಲಾಪೂರಿನಲ್ಲೂ ಅದೇ ಎಂದು ಅವನು ಬಂದು ಹೇಳಿದ.

"ನೀವು ಇನ್ನು ನಿಲ್ಲುದು ಬೇಡ, ಕಿಟ್ಟಣ್ಣ. ಬಾಗಿಲ ಹತ್ರ ಟೋಕನ್ ಮೆಷಿನ್ ಇಡ್ತೇನೆ. ಕೂತು ಬಟನ್ ಒತ್ತಿದ್ರೆ ಆಯ್ತು. ಕುರ್ಚಿ ಉಂಟು, ಫ್ಯಾನ್ ಉಂಟು."

"ಆಯ್ತು," ಎಂದ ಕಿಟ್ಟಣ್ಣ.

ಅಷ್ಟೇ ಅಂದದ್ದು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಕಿಟ್ಟಣ್ಣ ದೊಡ್ಡ ಶ್ರೀಮಂತ. ಧಣಿಗಳಿಗೆ ಒಂದು ದಿನವೂ ಎದುರು ಮಾತಾಡಿದವನಲ್ಲ. ಈ ರೂಪೇಶನನ್ನಾದರೋ ಹೆಗಲ ಮೇಲೆ ಕೂರಿಸಿಕೊಂಡು ಕಡಲು ತೋರಿಸಿದವನು. ಆದರೂ ಹುಡುಗ ಗಲ್ಲಾದ ಮೇಲೆ ಕೂತ ದಿನದಿಂದ ಕಿಟ್ಟಣ್ಣ 'ನೀನು' ಬಿಟ್ಟು 'ನೀವು' ಹಿಡಿದಿದ್ದ. ಆದರೆ ಒಳಗೆ ಕುದಿಯುತ್ತಿತ್ತು. ಬಟನ್ ಅಂತೆ! ಬಟನ್ ಒತ್ತಲಿಕ್ಕೆ ಕಿಟ್ಟಣ್ಣನೇ ಆಗಬೇಕೇ? ದಾರಿಯಲ್ಲಿ ಹೋಗುವ ಬೆಕ್ಕನ್ನು ಕೂರಿಸಿದರೂ ಒತ್ತುತ್ತದೆ. ಒಂದನೇ ತಾರೀಖಿಗೆ ಇನ್ನು ಹದಿಮೂರು ದಿನ. ಆಮೇಲೆ ಈ ಕೈಗಳು ಏನು ಮಾಡಬೇಕು ಎನ್ನುವುದು ಅವನಿಗೆ ಗೊತ್ತಿರಲಿಲ್ಲ, ಹೆದರಿಕೆಯಾಗುತ್ತಿತ್ತು.

ಇದೇ ಹೊತ್ತಿಗೆ ವೀಕ್ಷಾ ನೂಲು ಕೇಳಿಕೊಂಡು ಬಂದಳು.

ವೀಕ್ಷಾ ಎಂದರೆ ರೂಪೇಶನ ತಂಗಿ. ಚಿತ್ರಕಲೆ ಕಲಿತವಳು. ಆದರೆ ಚಿತ್ರ ಬರೆದದ್ದನ್ನು ಮಾತ್ರ ಮನೆಯವರು ಯಾರೂ ಕಂಡಿಲ್ಲ. ಮೈಲಾಪೂರಿನ ಕೆಲವು ಹುಡುಗ ಹುಡುಗಿಯರು ಸೇರಿ 'ಬೀದಿಯೇ ಗ್ಯಾಲರಿ' ಎಂದು ಹತ್ತು ದಿನದ ಹಬ್ಬ ಹೂಡಿದ್ದರು. ಇಸ್ತ್ರಿ ಅಂಗಡಿಯಲ್ಲಿ ಹದಿನೆಂಟಡಿ ತೋಳಿನ ಒಂದು ಅಂಗಿ ನೇತುಬಿದ್ದಿತ್ತು. ಬಸ್ ಸ್ಟಾಪಿನಲ್ಲಿ ಕೂತ ಕೂಡಲೇ ಅಯ್ಯೋ ಎಂದು ನರಳುವ ಬೆಂಚು. ಮುದುಕರೆಲ್ಲ ಅದರ ಮೇಲೆ ಕೂತು, ನಿನಗಿಂತ ನನ್ನ ಸೊಂಟ ನೋವು ಹೆಚ್ಚು ಎಂದು ಅದರ ಜೊತೆ ಜಗಳವಾಡುತ್ತಿದ್ದರು. ವೀಕ್ಷಾಳ ಪಾಲಿಗೆ ಸಿಕ್ಕಿದ್ದು ಸ್ವಂತ ಹೋಟೆಲು.

"ಗೋಡೆಗೆ ಚಂದದ ಚಿತ್ರ ಬಿಡಿಸ್ತಾಳೆ ಅಂತ ಕಲಿಸಿದ್ದು," ಎಂದು ಗಲ್ಲಾದಿಂದ ತಾಯಿ ಸರಸಮ್ಮ ನಿಟ್ಟುಸಿರಿಟ್ಟರು. "ಈಗ ಸೂರಿಗೆ ನೂಲು ಕಟ್ತೇನೆ ಅಂತಾಳೆ. ಜೇಡ ಕಲಿತದ್ದು ಯಾವ ಕಾಲೇಜಲ್ಲಿ, ಕೇಳು ಕಿಟ್ಟಣ್ಣ."

ಉಗ್ರಾಣದಲ್ಲಿ ಉಳಿದಿದ್ದದ್ದು ಎರಡೇ ಉಂಡೆ. ಹೊಸ ನೂಲು ತರಿಸುವುದನ್ನು ರೂಪೇಶ ನಿಲ್ಲಿಸಿದ್ದ. ಒಂದನ್ನು ಕಿಟ್ಟಣ್ಣ ಅವಳ ಕೈಗಿತ್ತ. "ತಕೋ ಮಗಾ. ನನಗೆ ಒಂದು ಸಾಕು. ಮತ್ತೆ ಹೇಗೂ ಡಬ್ಬಿ ಬರ್ತದಲ್ಲ."

ಹುಡುಗಿ ಜಾಣೆ ಎನ್ನಬೇಕು. ಬಾಗಿಲ ಮೇಲಿನ ಮೊಳೆಗೆ ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ನೂಲಿನ ಒಂದು ತುದಿ ಸಿಕ್ಕಿಸಿದಳು. ಅಲ್ಲಿಂದ ಪರದೆಗೆ ಹಾಕುವ ದೊಡ್ಡ ಬಳೆಗಳೊಳಗೆ ಹಾಯಿಸಿ, ಇಡೀ ಹಾಲ್ ಅಡ್ಡಾಡಿಸಿ, ಪ್ರತಿ ಟೇಬಲಿನ ಮೇಲೂ ಕೈಯೆತ್ತಿದರೆ ಸಿಗುವಷ್ಟು ಕೆಳಗೆ ಬರಿಸಿ, ಕೊನೆಗೆ ಉಳಿದ ನೂಲನ್ನು ಕಿಟ್ಟಣ್ಣನ ಬಳೆಯ ಪಕ್ಕದ ಇನ್ನೊಂದು ಬಳೆಯಿಂದ ಇಳಿಬಿಟ್ಟಳು. ಟೇಬಲಿಗೊಂದು ಪೆನ್ನು, ಒಂದಿಷ್ಟು ಕಾಗದದ ಚೀಟಿ. ಬಾಗಿಲಲ್ಲಿ ಮೂರು ಭಾಷೆಯಲ್ಲಿ ಒಂದು ಬೋರ್ಡು: 'ಹೇಳಬೇಕೆಂದು ಹೇಳದೇ ಉಳಿದ ಒಂದು ಮಾತು ಬರೆಯಿರಿ, ನೂಲಿಗೆ ಕಟ್ಟಿರಿ.'

"ಕಿಟ್ಟಣ್ಣ, ಬಲಗಡೆ ಇಳಿದದ್ದು ನಿಮ್ಮ ನೂಲು, ಎಡಗಡೆಯದ್ದು ನಂದು. ನೆನಪಿರ್ಲಿ ಆಯ್ತಾ?"

"ನನಗೆ ನೂಲಿನ ಪಾಠ ಹೇಳ್ತೀಯಾ?" ಎಂದು ಕಿಟ್ಟಣ್ಣ ನಕ್ಕ.

"ಹಾಗಾದ್ರೆ ಬೋಣಿ ನಿಮ್ದೇ. ನಿಮ್ಮ ಕೈ ಒಳ್ಳೆದು."

ಬೋಣಿಗೆ ಕರೆದರೆ ಇಲ್ಲ ಎನ್ನುವ ಹೋಟೆಲಿನವನು ಎಲ್ಲಿದ್ದಾನೆ? ಕಿಟ್ಟಣ್ಣ ಚೀಟಿ ಹಿಡಿದು ಗೋಡೆಯ ಕಡೆ ತಿರುಗಿದ. ಏನೋ 'ಶುಭಂ' ಎಂದು ಗೀಚಿ ಮುಗಿಸೋಣ ಎಂದುಕೊಂಡಿದ್ದ. ಪೆನ್ನು ಕಾಗದಕ್ಕೆ ತಾಗಿದ್ದೇ ತಡ, ಕೈ ತನ್ನಷ್ಟಕ್ಕೆ ತಾನೇ ಬರೆಯಿತು: 'ರೂಪೇಶ, ನನಗೆ ಬಟನ್ ಬೇಡ ಮಾರಾಯ. ನೂಲು ಬಿಟ್ಟರೆ ಈ ಕೈಗೆ ಬೇರೆ ಏನೂ ಗೊತ್ತಿಲ್ಲ.' ಬರೆದ ಮೇಲೆ ಹರಿದುಹಾಕೋಣ ಎಂದುಕೊಂಡ. ಆದರೆ ಕನ್ನಡದಲ್ಲಿ ಬರೆದದ್ದು ಮೈಲಾಪೂರಿನಲ್ಲಿ ಯಾರಿಗೆ ಓದಲು ಬರುತ್ತದೆ? ರೂಪೇಶ ಕಲಿತದ್ದು ಇಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ. ಕನ್ನಡ ಮಾತಾಡುತ್ತಾನೆ, ಓದಲಾರ. ಚೀಟಿಯನ್ನು ನಾಲ್ಕಾಗಿ ಮಡಚಿ, ಸ್ಟೂಲು ಹತ್ತಿ, ಯಾರ ಕೈಗೂ ಎಟುಕದ ಹಾಗೆ ಬಾಗಿಲ ಮೇಲೆ, ಕ್ಲಿಪ್ಪಿನ ಪಕ್ಕದಲ್ಲೇ ಕಟ್ಟಿದ. ಇಳಿಯುವಾಗ ಎರಡು ಸೇರು ಭಾರ ಇಳಿದಂತಾಯಿತು.

ಮೊದಲೆರಡು ದಿನ ಜನ ಆ ನೂಲಿಗೆ ಕೊಡೆ ನೇತುಹಾಕಿದರು. ವೀಕ್ಷಾಳ ಮುಖ ಬಾಡಿತು. ಮೂರನೆಯ ದಿನ ಎದುರು ಬೀದಿಯ ಅಲಮೇಲು ಮಾಮಿ ಕಾಫಿ ಕುಡಿಯುತ್ತ ಅತ್ತ ಇತ್ತ ನೋಡಿ, ಏನೋ ಬರೆದು, ಕಳ್ಳತನ ಮಾಡಿದವರಂತೆ ಕಟ್ಟಿ ಓಡಿದರು. ಆಮೇಲೆ ಶುರುವಾಯಿತು ನೋಡಿ! ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ತೆಲುಗಿನಲ್ಲಿ, ಒಂದೆರಡು ಕನ್ನಡದಲ್ಲಿ. ದೋಸೆ ತಣ್ಣಗಾದರೂ ಜನ ಬರೆಯುತ್ತಲೇ ಕೂತರು. ಹೊಟ್ಟೆಗೆ ಹಾಕಿಕೊಳ್ಳಲು ಬಂದವರ ಹೊಟ್ಟೆಯೊಳಗೆ ಇಷ್ಟೆಲ್ಲ ಇತ್ತೇ ಎಂದು ಸರಸಮ್ಮ ಬೆರಗಾದರು. ಶುಕ್ರವಾರದ ಹೊತ್ತಿಗೆ ಹಾಲ್ ತುಂಬ ಚೀಟಿಗಳು. ಫ್ಯಾನ್ ಹಾಕಿದರೆ ಎಲ್ಲ ಸೇರಿ ಪಟಪಟ ಎನ್ನುತ್ತಿದ್ದವು. ಭಾನುವಾರ ಸಂಜೆ ನಾಲ್ಕಕ್ಕೆ ದೊಡ್ಡ ಗ್ಯಾಲರಿಯವರು ನೋಡಲು ಬರುವವರಿದ್ದರು. ವೀಕ್ಷಾ ನೆಲದ ಮೇಲೆ ನಡೆಯುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಆರಕ್ಕೆ ಬೀದಿಗೆ ಬೀದಿಯೇ ಕರೆಂಟ್ ಹೋಯಿತು. ಎಲ್ಲೋ ಕೇಬಲ್ ಸುಟ್ಟಿತ್ತು. ಮಿಕ್ಸಿ ಇಲ್ಲ, ಮೋಟಾರ್ ಇಲ್ಲ, ನಲ್ಲಿಯಲ್ಲಿ ನೀರಿಲ್ಲ. ಫ್ಲ್ಯಾಟುಗಳಲ್ಲಿದ್ದವರೆಲ್ಲ ಸಾಂಬಾರಿಗೆಂದು ಹಿಡಿಕೆಯ ತೂಕುಪಾತ್ರೆ ಹಿಡಿದು ಅನಂತ ವಿಲಾಸಕ್ಕೆ ಬಂದರು. ಹೋಟೆಲಿನ ಜನರೇಟರ್ ಅಡಿಗೆಮನೆಗೆ ಮಾತ್ರ ಸಾಕು, ಹಾಲಿನಲ್ಲಿ ಮಬ್ಬುಗತ್ತಲೆ.

ಕಿಟ್ಟಣ್ಣನ ಮುಂದೆ ಸಾಲು ಬಾಗಿಲಾಚೆಗೆ ಹೋಗಿತ್ತು. ಎಷ್ಟು ದಿನವಾಗಿತ್ತು ಇಂಥ ಸಾಲು ಕಂಡು! ಅವನಿಗೆ ಮೈಮೇಲೆ ಬಂದಂತಾಯಿತು. ಪೇಪರ್, ಎಲೆ, ಇಡ್ಲಿ, ನೂಲು, ಚೀಟಿ, ಟಪ್! ಕನ್ನಡಕಕ್ಕೆ ಸಾಂಬಾರಿನ ಹಬೆ ಹತ್ತಿ ಎದುರಿನವರೆಲ್ಲ ಮೋಡದಲ್ಲಿ ನಿಂತ ದೇವತೆಗಳ ಹಾಗೆ ಕಾಣುತ್ತಿದ್ದರು. ಒರೆಸಲು ಪುರುಸೊತ್ತೆಲ್ಲಿ? ಏಳೂವರೆಗೋ ಏನೋ, ಡಬ್ಬಿಯಲ್ಲಿದ್ದ ಅವನ ಉಂಡೆ ಮುಗಿಯಿತು. ಅದು ಅವನಿಗೆ ತಿಳಿಯಲೇ ಇಲ್ಲ. ಕೈ ಮೇಲೆ ಹೋಯಿತು, ಬಲಗಡೆ ಸಿಗಲಿಲ್ಲ, ಒಂದು ಗೇಣು ಎಡಕ್ಕೆ ಸರಿಯಿತು, ನೂಲು ಸಿಕ್ಕಿತು. ಎಳೆಯಿತು.

ಮೊದಲು ಬರಿ ನೂಲು ಬಂತು. ಆಮೇಲೆ ಚೀಟಿಗಳೂ ಬರತೊಡಗಿದವು. ಬೇರೆ ಯಾರಾದರೂ ಆಗಿದ್ದರೆ ಕೈಗೆ ಕಾಗದ ತಾಗಿದ ಕೂಡಲೇ ಬೆಚ್ಚುತ್ತಿದ್ದರು. ಆದರೆ ಮೂವತ್ತೊಂದು ವರ್ಷದಿಂದ ನೂಲಿನಡಿಗೆ ಬಿಲ್ಲಿನ ಚೀಟಿ ಸಿಕ್ಕಿಸಿದ ಬೆರಳುಗಳಿಗೆ ನೂಲೂ ಕಾಗದವೂ ಜೊತೆಗಿದ್ದರೇ ಸಮಾಧಾನ. 'ಓ, ಚೀಟಿ ಸಿಕ್ಕಿಸಿ ಆಯ್ತು' ಎಂದುಕೊಂಡವು, ಗಂಟು ಹಾಕಿದವು. ಪಾರ್ಸೆಲ್ ಹೋಯಿತು. ಇನ್ನೊಂದು. ಮತ್ತೊಂದು.

ಹಾಲಿನಲ್ಲಿ ಕೂತವರು ತಲೆಯೆತ್ತಿ ನೋಡಿದರು. ಮಬ್ಬಿನಲ್ಲಿ ಚೀಟಿಗಳೆಲ್ಲ ಒಂದರ ಹಿಂದೊಂದು, ಬಳೆಯಿಂದ ಬಳೆಗೆ, ಮೆರವಣಿಗೆ ಹೊರಟಿದ್ದವು. ಕಲೆ ಈಗ ಚಾಲೂ ಆಯಿತು ಎಂದು ಅವರು ತಿಳಿದರು. ಒಬ್ಬರು ಚಪ್ಪಾಳೆ ತಟ್ಟಿದರು, ಇಬ್ಬರು ಫೋನಿನಲ್ಲಿ ಹಿಡಿದುಕೊಂಡರು. ಒಬ್ಬರಾದರೂ ಬಾಯಿಬಿಟ್ಟು ಕೇಳಬೇಕಲ್ಲ? ಊಹೂಂ.

ಹತ್ತೂವರೆಗೆ ಸಾಲು ಕರಗಿತು. ಉಳಿದದ್ದು ಎಂದಿನ ಕೊನೆಯ ಪಾರ್ಸೆಲ್: ರೂಪೇಶನದು. ಹೌದು, ಅದೊಂದು ತಮಾಷೆ. ಶಾಖೆ ತುಂಬ ಡಬ್ಬಿ ಇಟ್ಟುಕೊಂಡವನಿಗೆ ಸ್ವಂತ ಊಟ ಮಾತ್ರ ಬಾಳೆಲೆಯಲ್ಲೇ ಆಗಬೇಕು. ಡಬ್ಬಿಯಲ್ಲಿ ಅನ್ನ ಬೆವರುತ್ತದೆಯಂತೆ. ದಿನವೂ ವ್ಯಾನಿನಲ್ಲಿ ಶೋಳಿಂಗನಲ್ಲೂರಿಗೆ ಮೊಸರನ್ನ, ಮಾವಿನ ಮಿಡಿ ಹೋಗುತ್ತಿತ್ತು. ಕಿಟ್ಟಣ್ಣ ಅದನ್ನು ಮಡಚಿ, ನೂಲು ಎಳೆದ. ಬಾಗಿಲ ಮೇಲೆ ಕ್ಲಿಪ್ಪು ಟಕ್ ಎಂದು ಜಾರಿ ಬಿತ್ತು. ಉಳಿದ ನೂಲು ಸರ್ರನೆ ಬಂದು ಅವನ ಕೈ ಸೇರಿತು. ಗಂಟು ಹಾಕಿದ. ವ್ಯಾನು ಹೊರಟಿತು.

ಆಗ ಕರೆಂಟ್ ಬಂತು. ಕನ್ನಡಕ ಒರೆಸಿಕೊಂಡು ಕಿಟ್ಟಣ್ಣ ತಲೆಯೆತ್ತಿದ. ಸೂರು ಬೋಳಾಗಿತ್ತು. ಸಾಲು ಸಾಲು ಬಳೆಗಳು ಮಾತ್ರ ನೇತಾಡುತ್ತಿದ್ದವು. ಬಾಗಿಲಲ್ಲಿ ವೀಕ್ಷಾ ನಿಂತಿದ್ದಳು, ಬಿಟ್ಟ ಬಾಯಿ ಬಿಟ್ಟ ಹಾಗೆ.

"ಕಿಟ್ಟಣ್ಣಾ! ನನ್ನ ನೂಲು ಎಲ್ಲಿ?"

ಕಿಟ್ಟಣ್ಣ ತನ್ನ ಕೈ ನೋಡಿಕೊಂಡ. ಕಪಾಟಿನ ಡಬ್ಬಿ ಇಳಿಸಿ ನೋಡಿದ. ಖಾಲಿ. "ಅಯ್ಯೋ ದೇವರೇ... ಪಾರ್ಸೆಲ್ ಹೋಯ್ತು ಮಗಾ."

"ಎಷ್ಟು?"

"ಎಲ್ಲ."

ಹುಡುಗಿ ಟೇಬಲಿನ ಮೇಲೆ ತಲೆಯಿಟ್ಟು ಅತ್ತಳು. ಕಿಟ್ಟಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎತ್ತಿ ಆಡಿಸಿದ ಮಗುವಿನ ಕೆಲಸವನ್ನು ತನ್ನ ಕೈಯಾರೆ ಇಡ್ಲಿಗೆ ಸುತ್ತಿ ಕಳಿಸಿದೆನಲ್ಲ! ಅವಳ ತಲೆ ಸವರುತ್ತ ನಿಂತವನಿಗೆ ಇನ್ನೊಂದು ನೆನಪಾಗಿ ಕೈ ಗಾಳಿಯಲ್ಲೇ ನಿಂತಿತು. ಕ್ಲಿಪ್ಪಿನ ಪಕ್ಕದ ಚೀಟಿ. ಬೋಣಿಯ ಚೀಟಿ. ಎಲ್ಲಕ್ಕಿಂತ ಮೊದಲು ಕಟ್ಟಿದ್ದು, ಎಲ್ಲಕ್ಕಿಂತ ಕೊನೆಗೆ ಬಂದಿರಬೇಕು. ಕೊನೆಯ ಪಾರ್ಸೆಲ್ ಯಾರದ್ದು?

ರೂಪೇಶನದು! ಮರುಗಳಿಗೆ ಸಮಾಧಾನ ಮಾಡಿಕೊಂಡ: ಅವನಿಗೆ ಕನ್ನಡ ಓದಲು ಬರುವುದಿಲ್ಲ. ಬಿಲ್ಲೆಂದು ತಿಳಿದು ಎಲೆಯ ಜೊತೆ ಬಿಸಾಡುತ್ತಾನೆ. ಬದುಕಿದೆ.

ಮಧ್ಯಾಹ್ನ ಜನ ಬರತೊಡಗಿದರು. ಜಗಳಕ್ಕೆ ಬಂದರು ಎಂದು ಸರಸಮ್ಮ ಗಲ್ಲಾ ಮುಚ್ಚಿಯೇಬಿಟ್ಟರು.

ಮೊದಲು ಬಂದವನು ಗಂಗಾಧರ, ಮಂಡ್ಯದ ಕಡೆಯವನು, ಮೂರು ತಿಂಗಳಿಂದ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದಾನೆ. ಚೀಟಿ ಎತ್ತಿ ಹಿಡಿದಿದ್ದ. "ಯಾರ್ರೀ ಇದನ್ನ ಬರ್ದಿದ್ದು? 'ನಿಮ್ಮ ಸ್ಕೂಟರಿಗೆ ಗುದ್ದಿ ಓಡಿಹೋದವನು ನಾನೇ, ಕ್ಷಮಿಸಿ' ಅಂತ ಇಂಗ್ಲಿಷಲ್ಲಿ ಐತೆ!"

"ಅದು ನಿಮ್ಮ ಸ್ಕೂಟರೇ ಅಂತ ಹೇಗೆ ಗೊತ್ತು?" ಎಂದಳು ವೀಕ್ಷಾ, ಮೂಗು ಒರೆಸಿಕೊಳ್ಳುತ್ತ.

"ಯಾರ್ದಾದ್ರೂ ಆಗ್ಲಿ ಬುಡಿ. ನನ್ ಸ್ಕೂಟರಿಗೂ ಯಾವನೋ ಗುದ್ದವ್ನೆ. ಊರಲ್ಲಿ ಒಬ್ನಾದ್ರೂ ಸಾರಿ ಕೇಳುದ್ನಲ್ಲ, ಸಾಕು! ಒಂದು ಚೀಟಿ ಕೊಡಿ, 'ಹೋಗ್ಲಿ ಬುಡು' ಅಂತ ಬರಿಬೇಕು."

ಆಮೇಲೆ ಅಲಮೇಲು ಮಾಮಿ ಓಡೋಡಿ ಬಂದರು, ಮುಖ ಕೆಂಪು. ಅವರು ಬರೆದಿದ್ದದ್ದು, 'ನನ್ನ ಸೊಸೆಯ ರಸಂ ನನ್ನದಕ್ಕಿಂತ ರುಚಿ.' ಅದು ಊರೂರು ಸುತ್ತುತ್ತಿದೆ ಎಂದರೆ ಮಾನ ಉಳಿಯುವುದುಂಟೇ? "ಎನ್ನ ಕಿಟ್ಟಣ್ಣಾ, ಇಪ್ಪಡಿ ಪಣ್ಣಿಟ್ಟೀಂಗಳೇ!" ಹೀಗೆ ಮಾಡಿಬಿಟ್ಟಿರಲ್ಲ ಎಂದು ಹಣೆ ಹಣೆ ಬಡಿದುಕೊಂಡರು. ಅಷ್ಟರಲ್ಲಿ ಇನ್ನೊಬ್ಬ ಅಜ್ಜಿ ಬಂದು ಗಲ್ಲಾದ ಹತ್ತಿರ ಬಗ್ಗಿ ಪಿಸುಗುಟ್ಟಿದರು. ಅವರ ಮನೆಯ ಪಾರ್ಸೆಲ್ಲಿನಲ್ಲಿ ರಸಂ ಚೀಟಿ ಸಿಕ್ಕಿತ್ತು. ಅತ್ತೆಯೇ ಬರೆದು ಇಟ್ಟಿದ್ದಾರೆಂದು ತಿಳಿದು ಸೊಸೆ ಬಂದು ಕಾಲಿಗೆ ಬಿದ್ದಿದ್ದಳಂತೆ. "ಬರೆದದ್ದು ನಾನಲ್ಲ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ," ಎಂದು ಅಜ್ಜಿ ಕೈಮುಗಿದರು. ಅಲಮೇಲು ಮಾಮಿ ಆ ಕಡೆ ನೋಡಿದರು, ಈ ಕಡೆ ನೋಡಿದರು, ಕೊನೆಗೆ ಒಂದು ಕಾಫಿ ತರಿಸಿಕೊಂಡು ಕೂತರು.

ಮೂರು ಗಂಟೆಯ ಹೊತ್ತಿಗೆ ಹಾಲ್ ತುಂಬಿತ್ತು. ತಮಗೆ ಬಂದ ಚೀಟಿ ತಂದು ಕೊಟ್ಟು, ಅದಕ್ಕೆ ಉತ್ತರ ಬರೆದು, ಹೊಸತೊಂದು ನೂಲು ಕಟ್ಟಿ ಎಂದು ಜನ ವೀಕ್ಷಾಳ ಬೆನ್ನುಹತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಹೋದ ಮಾತುಗಳೆಲ್ಲ ಜನರ ಕೈ ಹಿಡಿದುಕೊಂಡು ವಾಪಸು ಬರುತ್ತಿದ್ದವು. ಹುಡುಗಿಯ ಕಣ್ಣು ಒಣಗಿ, ಹೊಳೆಯತೊಡಗಿತ್ತು. ಕಿಟ್ಟಣ್ಣನೂ ನಗುತ್ತಿದ್ದ.

ಆಗ ಬಾಗಿಲಲ್ಲಿ ರೂಪೇಶ ಕಾಣಿಸಿಕೊಂಡ. ಶನಿವಾರ ಅವನು ಈ ಕಡೆ ತಲೆಹಾಕುವವನಲ್ಲ. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ, ಮೂಲೆಗೆ ಮಿಡಿಯ ಎಣ್ಣೆ. ನೇರ ಕಿಟ್ಟಣ್ಣನ ಹಲಗೆಗೆ ಬಂದ.

"ಕಿಟ್ಟಣ್ಣ, ಇದು ಎಂತ ಬರ್ದದ್ದು? ಓದಿ ಹೇಳಿ."

ಕಿಟ್ಟಣ್ಣ ಚೀಟಿ ತೆಗೆದುಕೊಂಡ. ಸ್ವಂತ ಅಕ್ಷರಗಳು ಅವನನ್ನೇ ನೋಡುತ್ತಿದ್ದವು. "ಇದಾ? ಇದು... ಸಾಂಬಾರ್ ಒಳ್ಳೆದುಂಟು ಅಂತ ಯಾರೋ ಬರ್ದಿದ್ದಾರೆ."

"ಅಷ್ಟೇಯಾ?"

"ಅಷ್ಟೇ."

"ಮತ್ತೆ ನನ್ನ ಹೆಸರು ಯಾಕುಂಟು ಇದ್ರಲ್ಲಿ?" ರೂಪೇಶ ಮೊದಲ ಪದದ ಮೇಲೆ ಬೆರಳಿಟ್ಟ. "ಇದೊಂದು ಓದ್ಲಿಕ್ಕೆ ಬರ್ತದೆ ನನಗೆ. ನೀವೇ ಕಲಿಸಿದ್ದಲ್ವಾ? ಇದೇ ಹಲಗೆ ಮೇಲೆ ಕೂರಿಸಿ, ಪಾರ್ಸೆಲ್ ಪೇಪರಲ್ಲಿ."

ಕಿಟ್ಟಣ್ಣನಿಗೆ ಅದು ಮರೆತೇಹೋಗಿತ್ತು. ಐದು ವರ್ಷದ ಹುಡುಗ, ಬಾಯಿ ತುಂಬ ಮೈಸೂರುಪಾಕು, ಪೇಪರಿನ ಅಂಚಿನಲ್ಲಿ ಮತ್ತೆ ಮತ್ತೆ ಬರೆದ ಮೂರು ಅಕ್ಷರ. ಅಷ್ಟು ಕಲಿತ ಮೇಲೆ ಶಾಲೆ ಶುರುವಾಯಿತು, ಪಾಠ ಅಲ್ಲಿಗೇ ನಿಂತಿತು. ಕಣ್ಣು ಮಂಜಾಯಿತು, ಈ ಸಲ ಸಾಂಬಾರಿನ ಹಬೆಯಲ್ಲ.

ಗಲ್ಲಾದಲ್ಲಿ ಸರಸಮ್ಮ, ಸೂರಿನ ಕೆಳಗೆ ವೀಕ್ಷಾ, ಕಾಫಿಯ ಮುಂದೆ ಮಾಮಿ, ಎಲ್ಲರೂ ಇತ್ತ ತಿರುಗಿದ್ದರು. ಕಿಟ್ಟಣ್ಣ ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಪದವಾಗಿ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಓದಿದ: "ರೂಪೇಶ. ನನಗೆ ಬಟನ್ ಬೇಡ ಮಾರಾಯ. ನೂಲು ಬಿಟ್ಟರೆ ಈ ಕೈಗೆ ಬೇರೆ ಏನೂ ಗೊತ್ತಿಲ್ಲ."

ರೂಪೇಶ ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡ. "ಕಾಲು ನೋವು ಅಂತ ಅಮ್ಮನ ಹತ್ರ ಹೇಳ್ತೀರಂತೆ. ನಿಂತು ನಿಂತು ನಿಮಗೆ ಕಷ್ಟ ಆಗ್ತದೆ ಅಂತ ನಾನು ಕುರ್ಚಿ ಕೊಡುವ ಅಂತ ಮಾಡಿದ್ದು, ಕಿಟ್ಟಣ್ಣ. ನಿಮ್ಮ ಕೆಲಸ ಕಿತ್ಕೊಳ್ಳಿಕ್ಕೆ ಅಲ್ಲ. ನೀವು 'ಆಯ್ತು' ಅಂದ್ರಿ!"

"ಕುರ್ಚಿಯನ್ನು ಇಲ್ಲಿಗೇ ತರ್ಲಿಕ್ಕೆ ಆಗುದಿಲ್ವಾ ನಿನಗೆ?" ಎಂದ ಕಿಟ್ಟಣ್ಣ. 'ನಿನಗೆ' ಎಂದದ್ದು ಅವನಿಗೇ ಆಮೇಲೆ ತಿಳಿಯಿತು.

ಎರಡು ವರ್ಷದಿಂದ ಎರಡು ಹೋಟೆಲು ನಡೆಸುವವನಿಗೆ ಕುರ್ಚಿ ಹತ್ತಡಿ ಸರಿಯಬಹುದು ಎಂದು ಹೊಳೆದಿರಲಿಲ್ಲ ನೋಡಿ. ಸರಸಮ್ಮ ಮೊದಲು ನಕ್ಕರು. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ರೂಪೇಶ ಕಿವಿ ಕೆಂಪಾಗಿಸಿಕೊಂಡು ಬಾಗಿಲ ಹತ್ತಿರದ ಕುರ್ಚಿಯನ್ನು ತಾನೇ ಎತ್ತಿ ತಂದು ಹಲಗೆಯ ಹಿಂದೆ ಇಟ್ಟ, ಎತ್ತರ ಸಾಲದೆಂದು ಅದರ ಕಾಲುಗಳ ಕೆಳಗೆ ನಾಲ್ಕು ಮರದ ತುಂಡು ಕೊಟ್ಟ. ಕಿಟ್ಟಣ್ಣ ಕೂತು ಕೈಯೆತ್ತಿ ನೋಡಿದ. ಬಳೆಗೆ ಸರಿಯಾಗಿ ಎಟುಕಿತು.

"ನೂಲು ಎಷ್ಟು ಉಂಡೆ ತರಿಸ್ಲಿ?" ಎಂದ ರೂಪೇಶ. "ಡಬ್ಬಿ ಬೇಕಾದವರಿಗೆ ಡಬ್ಬಿ ಇರ್ಲಿ, ಎಲೆ ಬೇಕಾದವರಿಗೆ ಎಲೆ."

"ಹನ್ನೆರಡು ತರಿಸು. ನಿನ್ನ ತಂಗಿಗೂ ಬೇಕಲ್ಲ."

ಭಾನುವಾರ ನಾಲ್ಕಕ್ಕೆ ಗ್ಯಾಲರಿಯವರು ಬಂದರು, ಉದ್ದ ಜುಬ್ಬಾದ ಇಬ್ಬರು. ಹೊಸ ನೂಲನ್ನೂ ಚೀಟಿಗಳನ್ನೂ ನೋಡಿದರು. ಈ ಕೃತಿ ಎಲ್ಲಿ ಮುಗಿಯುತ್ತದೆ ಎಂದು ಗಂಭೀರವಾಗಿ ಕೇಳಿದರು. ವೀಕ್ಷಾ ಉತ್ತರ ಹುಡುಕುವಷ್ಟರಲ್ಲಿ ಕಿಟ್ಟಣ್ಣ ಇಬ್ಬರ ಕೈಗೂ ಹೊಸ ನೂಲಿನ ಚೀಟಿ ಸಿಕ್ಕಿಸಿದ ಒಂದೊಂದು ಪಾರ್ಸೆಲ್ ಇಟ್ಟು, "ಮನೆಗೆ ಹೋಗಿ ಬಿಚ್ಚಿ ನೋಡಿ," ಎಂದ. ಅವರು ಬಿಚ್ಚಿದರು, ಮಾರನೇ ದಿನವೇ ಫೋನು ಮಾಡಿದರು: ಕೃತಿ ಬೇಕು, ಆದರೆ ಕಿಟ್ಟಣ್ಣನ ಸಮೇತ. ಹೋಟೆಲ್ ಬಿಟ್ಟು ಬರುವುದಿಲ್ಲ, ಬೇಕಾದರೆ ನೀವೇ ತಿಂಡಿಗೆ ಬನ್ನಿ ಎಂದ ಮಹಾರಾಯ.

ಅದೇ ಸೋಮವಾರ ಶೋಳಿಂಗನಲ್ಲೂರಿಗೆ ಹೋದ ಮೊಸರನ್ನದ ನೂಲಿನಡಿಯಲ್ಲಿ ಒಂದು ಚೀಟಿ ಇತ್ತು. ದಪ್ಪ ಅಕ್ಷರದ ಮೂರು ಪದ. ಒಂದು ಗಂಟೆಗೆ ಸರಿಯಾಗಿ ಹಲಗೆಯ ಮೇಲಿನ ಫೋನು ಬಡಿದುಕೊಂಡಿತು.

"ಕಿಟ್ಟಣ್ಣ, ಮೊದಲನೇದು ನನ್ನ ಹೆಸರು. ಎರಡನೇದು ಎಂತ?"

"ಊಟ."

"ಮೂರನೇದು?"

"ಎರಡನೇದು ಊಟ ಅಂತ ಗೊತ್ತಾದ ಮೇಲೆ ಮೂರನೇದು ಕೇಳ್ಲಿಕ್ಕೆ ಎಂತ ಉಂಟು? ಮಾಡು!" ಎಂದು ಕಿಟ್ಟಣ್ಣ ಫೋನಿಟ್ಟು, ಕುರ್ಚಿಯಲ್ಲಿ ಕೂತಲ್ಲಿಂದಲೇ ನೂಲಿಗೆ ಕೈಯೆತ್ತಿದ.